ಬೇಟೆಯಾದವುಗಳ ಕಡೆಯ ಸಾಕ್ಷ್ಯ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೀಕ್ವಿಮ್ ಎಂಬ ಊರಿನ ಬಳಿ 1977ರಲ್ಲಿ ಜಮೀನೊಂದರಲ್ಲಿ ಹೊಂಡ ತೋಡುತ್ತಿದ್ದಾಗ ಮಾಸ್ಟೊಡಾನ್‌ನ ಮೂಳೆಗಳು ಸಿಕ್ಕವು. ಮಾಸ್ಟೊಡಾನ್ ಆನೆಯ ದೂರದ ನೆಂಟ, ಈಗ ಭೂಮಿಯ ಮೇಲಿಲ್ಲ. ಅದರ ಒಂದು ಪಕ್ಕೆಲುಬಿನೊಳಗೆ ಮೂಳೆಯ ಚೂಪಾದ ಚೂರೊಂದು ನಾಟಿಕೊಂಡಿತ್ತು. ಅದು ಮನುಷ್ಯ ಎಸೆದ ಈಟಿಯ ಮೊನೆಯೋ, ಪ್ರಾಣಿಯದೇ ಮೂಳೆ ಮುರಿದು ಒಳಸೇರಿದ್ದೋ ಎಂಬ ವಾದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2011ರಲ್ಲಿ ಪಕ್ಕೆಲುಬಿನಿಂದಲೂ ಆ ಚೂರಿನಿಂದಲೂ ಡಿಎನ್‌ಎ ಮತ್ತು ಪ್ರೋಟೀನ್ ತೆಗೆದು ನೋಡಿದರು. ಎರಡೂ ಮಾಸ್ಟೊಡಾನ್‌ನವೇ. ವಯಸ್ಸು ಸುಮಾರು 13,800 ವರ್ಷ.

ಎರಡೂ ಒಂದೇ ಜಾತಿಯವು ಎಂದು ತಿಳಿದಮೇಲೂ ವಾದ ತಾನಾಗಿ ಮುಗಿಯಲಿಲ್ಲ. ಚೂರನ್ನು ಉಜ್ಜಿ ಮೊನೆ ಮಾಡಿದ್ದಾರೆ ಎಂಬುದನ್ನು ಸಿಟಿ ಸ್ಕ್ಯಾನ್‌ನಲ್ಲಿ ಕಂಡ ಆಕಾರವೇ ಹೇಳಬೇಕಾಯಿತು. ಸಂಶೋಧಕರ ಅರ್ಥೈಸುವಿಕೆ ಸರಿಯಾಗಿದ್ದರೆ, ಆ ಬೇಟೆಗಾರರ ಕೈಯಲ್ಲಿ ಅದಕ್ಕೂ ಮುಂಚೆ ಇನ್ನೊಂದು ಮಾಸ್ಟೊಡಾನ್‌ನ ಮೂಳೆ ಇತ್ತು. ಒಂದರ ಮೂಳೆಯಿಂದ ಆಯುಧ ಮಾಡಿ ಇನ್ನೊಂದನ್ನು ಬೇಟೆಯಾಡಲು ಹೋಗಿದ್ದರು. ಒಂದು ಪಕ್ಕೆಲುಬಿನಲ್ಲಿ ಎರಡು ಪ್ರಾಣಿಗಳ ಕಥೆ ಇದೆ ಎಂದು ಓದಿದಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಇತಿಹಾಸಪೂರ್ವ ಕಾಲದ ಬೇಟೆಯ ಕಥೆಯನ್ನು ನಾವು ಕೇಳುತ್ತಾ ಬಂದದ್ದೆಲ್ಲ ಬೇಟೆಗಾರನ ಕಡೆಯಿಂದ. ಅವನ ಕಲ್ಲಿನ ಆಯುಧ, ಅವನ ಒಲೆ, ಅವನು ಗುಹೆಯ ಗೋಡೆಗೆ ಬಳಿದ ಬಣ್ಣ. ಪ್ರಾಣಿ ಅಲ್ಲಿ ಬಂದು ಸಾಯುತ್ತದೆ, ಊಟವಾಗುತ್ತದೆ, ಅಷ್ಟೆ. ಅದಕ್ಕೂ ಒಂದು ವಂಶವಿತ್ತು, ಅದರ ಹಿಂಡು ಹಿಗ್ಗಿತ್ತು, ಕುಗ್ಗಿತ್ತು, ಹೊಸ ಹುಲ್ಲುಗಾವಲು ಹುಡುಕಿ ಹೋಗಿತ್ತು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತಿರಲಿಲ್ಲ. ತಾತ್ಸಾರ ಇದಕ್ಕೆ ಕಾರಣವಲ್ಲ; ತಿಳಿಯುವ ದಾರಿಯೇ ಇರಲಿಲ್ಲ. ಮನುಷ್ಯರು ತಿಂದು ಬಿಸಾಡಿದ ಮೂಳೆ ಇಡಿಯಾಗಿ ಉಳಿಯುವುದು ಅಪರೂಪ. ಒಳಗಿನ ಮಜ್ಜೆಗಾಗಿ ಅದನ್ನು ಒಡೆದಿರುತ್ತಾರೆ, ಬೆಂಕಿಗೆ ಹಾಕಿರುತ್ತಾರೆ, ನಾಯಿ ಕಡಿದಿರುತ್ತದೆ, ಮಣ್ಣು ತಿಂದಿರುತ್ತದೆ. ಉತ್ಖನನದಲ್ಲಿ ಸಿಗುವ ಮೂಳೆಚೂರುಗಳಲ್ಲಿ ಬಹುಪಾಲು ಬೆರಳಿನುದ್ದವೂ ಇರುವುದಿಲ್ಲ. ಎಷ್ಟೇ ಪಳಗಿದ ಕಣ್ಣಾದರೂ ಇದು ಜಿಂಕೆಯದೋ ಕಾಡುಕುರಿಯದೋ ಎಂದು ಹೇಳಲಾಗದೆ, ‘ಗುರುತಿಸಲಾಗದ್ದು’ ಎಂಬ ಚೀಟಿ ಅಂಟಿಸಿ ಚೀಲಕ್ಕೆ ತುಂಬಿ ಉಗ್ರಾಣದಲ್ಲಿ ಇಡುವುದೇ ವಾಡಿಕೆಯಾಗಿತ್ತು.

ಆ ಚೀಲಗಳು ಈಗ ಬಾಯಿ ಬಿಡುತ್ತಿವೆ. ಹಳೆಯ ಮೂಳೆಗಳಲ್ಲಿ ಉಳಿದ ಡಿಎನ್‌ಎಯನ್ನು ಓದುವ ವಿಜ್ಞಾನ ಅವುಗಳ ಬಾಯಿ ಬಿಡಿಸುತ್ತಿದೆ.

ಪ್ರಾಣಿ ಸತ್ತೊಡನೆ ಅದರ ಡಿಎನ್‌ಎಯನ್ನು ರಿಪೇರಿ ಮಾಡುತ್ತಿದ್ದ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ನೀರು ಆ ಉದ್ದ ಸರಪಳಿಯನ್ನು ಅಲ್ಲಲ್ಲಿ ಕಡಿಯುತ್ತದೆ, ಸೂಕ್ಷ್ಮಜೀವಿಗಳು ತಿನ್ನುತ್ತವೆ. ಕೊನೆಗೆ ಉಳಿಯುವುದು ಮೂವತ್ತು, ಐವತ್ತು, ನೂರು ಅಕ್ಷರಗಳ (ಆ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಎನ್ನುತ್ತಾರೆ) ಪುಟ್ಟ ತುಣುಕುಗಳು, ಅವೂ ಮಣ್ಣಿನ ಬ್ಯಾಕ್ಟೀರಿಯಾಗಳ ಡಿಎನ್‌ಎಯೊಳಗೆ ಕಲಸಿಹೋಗಿ. 2012ರಲ್ಲಿ ನ್ಯೂಜಿಲೆಂಡಿನಲ್ಲಿದ್ದ ಮೋವಾ ಎಂಬ ಅಳಿದ ಹಕ್ಕಿಯ 158 ಮೂಳೆಗಳನ್ನು ಪರೀಕ್ಷಿಸಿದ ತಂಡ ಈ ಸವೆತದ ವೇಗವನ್ನೇ ಅಳೆಯಿತು. ಸುಮಾರು 13 ಡಿಗ್ರಿ ಸೆಲ್ಸಿಯಸ್ ತಂಪಿನ ಮಣ್ಣಿನಲ್ಲಿ, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಡಿಎನ್‌ಎಯ 242 ಅಕ್ಷರಗಳ ತುಣುಕೊಂದರ ಅರ್ಧಾಯುಷ್ಯ 521 ವರ್ಷ. ಅಂದರೆ 521 ವರ್ಷಕ್ಕೆ ಅಂಥ ತುಣುಕುಗಳಲ್ಲಿ ಅರ್ಧದಷ್ಟು ಹಾಳು, ಮತ್ತೆ 521 ವರ್ಷಕ್ಕೆ ಉಳಿದದ್ದರಲ್ಲಿ ಅರ್ಧ. ನೆಲ ಹೆಪ್ಪುಗಟ್ಟಿದ್ದರೆ ಈ ಗಡಿಯಾರ ಬಹಳ ನಿಧಾನ. ಸೈಬೀರಿಯಾದ ಹಿಮನೆಲದಲ್ಲಿದ್ದ, ಆನೆಯ ಅಳಿದ ನೆಂಟ ಮ್ಯಾಮತ್‌ನ ದವಡೆಹಲ್ಲಿನಿಂದ ಹತ್ತು ಲಕ್ಷ ವರ್ಷಕ್ಕೂ ಹಳೆಯ ಡಿಎನ್‌ಎಯನ್ನು 2021ರಲ್ಲಿ ಓದಿದ್ದು ಅದಕ್ಕೇ ಸಾಧ್ಯವಾಯಿತು. ಬಿಸಿಲ ನಾಡುಗಳಲ್ಲಿ ಗಡಿಯಾರ ಓಡುತ್ತದೆ. ಆದ್ದರಿಂದ ಈ ವಿಜ್ಞಾನ ಬರೆಯುತ್ತಿರುವ ಬೇಟೆಯ ಇತಿಹಾಸ ಹೆಚ್ಚಾಗಿ ಚಳಿದೇಶಗಳದು. ಉಷ್ಣವಲಯದ ಪ್ರಾಣಿಗಳ ಸಾಕ್ಷ್ಯ ಬಹುಮಟ್ಟಿಗೆ ಕರಗಿಹೋಗಿದೆ ಎನ್ನುವುದು ನನಗೆ ನಿಜವಾದ ನೋವಿನ ಸಂಗತಿ. ಡಿಎನ್‌ಎಗಿಂತ ಗಟ್ಟಿಯಾಗಿ ಉಳಿಯುವ ಮೂಳೆಯ ಕೊಲಾಜೆನ್ ಪ್ರೋಟೀನಿನಿಂದ ಪ್ರಾಣಿಯ ಗುಂಪನ್ನು ಪತ್ತೆಹಚ್ಚುವ ವಿಧಾನವಿದೆ, ಅದು ಸ್ವಲ್ಪ ಸಮಾಧಾನ. ಆದರೆ ಒಂದೊಂದು ಪ್ರಾಣಿಯ ವಂಶದ ಕಥೆಯನ್ನು ಅದು ಹೇಳಲಾರದು.

ಈ ಕ್ಷೇತ್ರ ಶುರುವಾದದ್ದೇ ಬೇಟೆಯಿಂದ ಅಳಿದ ಪ್ರಾಣಿಯೊಂದರಿಂದ. ಕ್ವಾಗಾ ಎಂಬುದು ದಕ್ಷಿಣ ಆಫ್ರಿಕಾದಲ್ಲಿದ್ದ, ಮೈಯ ಮುಂಭಾಗಕ್ಕಷ್ಟೇ ಪಟ್ಟೆಗಳಿದ್ದ ಜೀಬ್ರಾ. ವಸಾಹತುಗಾರರ ಬಂದೂಕುಗಳು ಅದನ್ನು ಮುಗಿಸಿದವು. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ವಸ್ತುಸಂಗ್ರಹಾಲಯದಲ್ಲಿದ್ದ, ನೂರಾ ನಲವತ್ತು ವರ್ಷ ಹಳೆಯ ಚರ್ಮವೊಂದಕ್ಕೆ ಅಂಟಿದ್ದ ಒಣ ಮಾಂಸದಿಂದ 1984ರಲ್ಲಿ ರಸೆಲ್ ಹಿಗುಚಿ, ಆಲನ್ ವಿಲ್ಸನ್ ಮತ್ತು ಸಂಗಡಿಗರು 229 ಅಕ್ಷರಗಳನ್ನು ಓದಿದರು. ಆಮೇಲಿನ ಹತ್ತು ವರ್ಷ ಉತ್ಸಾಹದ್ದೂ ಹೌದು, ಎಡವಟ್ಟಿನದ್ದೂ ಹೌದು. 1994ರಲ್ಲಿ ಡೈನೊಸಾರ್ ಡಿಎನ್‌ಎ ಸಿಕ್ಕಿತೆಂದು ಪ್ರಕಟವಾದದ್ದು ಕೊನೆಗೆ ಮನುಷ್ಯರ ಡಿಎನ್‌ಎ ಎಂದು ಗೊತ್ತಾಯಿತು. ಮುಟ್ಟಿದ ಕೈಯ ಕಣ, ಬಿಟ್ಟ ಉಸಿರು, ಎಲ್ಲವೂ ಮಾದರಿಯೊಳಗೆ ಸೇರಿಕೊಳ್ಳುತ್ತವೆ. ಇಂದು ಈ ಪ್ರಯೋಗಾಲಯಗಳಲ್ಲಿ ಮೈಯೆಲ್ಲ ಮುಚ್ಚುವ ಉಡುಪು ತೊಟ್ಟು, ಮೇಜನ್ನು ಬ್ಲೀಚಿನಿಂದ ಒರೆಸಿ, ರಾತ್ರಿ ನೇರಳಾತೀತ ದೀಪ ಹಚ್ಚಿಟ್ಟು ಕೆಲಸ ಮಾಡುತ್ತಾರೆ. ಇನ್ನೊಂದು ಕಾವಲು ಡಿಎನ್‌ಎಯ ಗಾಯದಲ್ಲೇ ಇದೆ. ಕಾಲ ಕಳೆದಂತೆ ತುಣುಕುಗಳ ತುದಿಯಲ್ಲಿ ಸೈಟೊಸಿನ್ ಎಂಬ ಅಕ್ಷರ ಕೆಟ್ಟು ಯುರಾಸಿಲ್ ಆಗುತ್ತದೆ, ಯಂತ್ರ ಅದನ್ನು ಬೇರೆ ಅಕ್ಷರವೆಂದು ಓದುತ್ತದೆ. ಹಾಗೆ ಕೆಟ್ಟಿದ್ದರೆ ಹಳೆಯದು, ನುಣ್ಣಗಿದ್ದರೆ ಮೊನ್ನೆ ಮೊನ್ನೆ ಸೇರಿಕೊಂಡದ್ದು. ಗಾಯವೇ ಸಾಚಾತನದ ಗುರುತಾಗುವ ಈ ಕ್ರಮ ನನಗೆ ಬಹಳ ಇಷ್ಟ.

ಇನ್ನು ಮುಖ್ಯ ಪ್ರಶ್ನೆ. ಹಿಮಯುಗದ ದೊಡ್ಡ ಪ್ರಾಣಿಗಳನ್ನು ಕೊಂದದ್ದು ನಾವೇ, ಅಥವಾ ಹವಾಮಾನವೇ? ಮೂಳೆಗಳ ವಯಸ್ಸನ್ನಷ್ಟೇ ಇಟ್ಟುಕೊಂಡು ಈ ಜಗಳ ಆಡಿದವರು ತಲೆಮಾರುಗಟ್ಟಲೆ ಆಡಿದ್ದಾರೆ. ಡಿಎನ್‌ಎ ಇದಕ್ಕೆ ತಂದ ಹೊಸ ಸಾಕ್ಷ್ಯ ವೈವಿಧ್ಯದ್ದು. ಒಂದು ಊರಿನಲ್ಲಿ ಐವತ್ತು ಮನೆತನಗಳಿದ್ದವು ಎಂದುಕೊಳ್ಳಿ. ಬರ ಬಂದು ಐದೇ ಮನೆತನ ಉಳಿದು, ಆಮೇಲೆ ಊರು ಮತ್ತೆ ಮೊದಲಿನಷ್ಟೇ ಬೆಳೆದರೂ ಮನೆತನದ ಹೆಸರುಗಳು ಐದೇ ಇರುತ್ತವೆ. ಪ್ರಾಣಿಗಳಲ್ಲೂ ತಾಯಿಯಿಂದ ಬರುವ ಮೈಟೊಕಾಂಡ್ರಿಯಾದ ವಂಶಗಳು ಹೀಗೆಯೇ. ಬೇರೆ ಬೇರೆ ಕಾಲದ ಮೂಳೆಗಳಲ್ಲಿ ಎಷ್ಟು ವಂಶಗಳಿವೆ ಎಂದು ನೋಡುತ್ತಾ ಹೋದರೆ ಹಿಂಡು ಯಾವಾಗ ಹಿಗ್ಗಿತು, ಯಾವಾಗ ಕುಗ್ಗಿತು ಎಂದು ಅಂದಾಜಿಸಬಹುದು.

ಬೆತ್ ಶಪೀರೊ ಮತ್ತು ಸಂಗಡಿಗರು 2004ರಲ್ಲಿ ಕಾಡುಕೋಣದಂಥ 442 ಬೈಸನ್‌ಗಳ ಡಿಎನ್‌ಎಯಿಂದ ಇದನ್ನೇ ಮಾಡಿದರು. ಸೈಬೀರಿಯಾ, ಅಲಾಸ್ಕಾ, ಕೆನಡಾದ ಹುಲ್ಲುಗಾವಲುಗಳಲ್ಲಿ ಮೇಯುತ್ತಿದ್ದ ಆ ಬೈಸನ್‌ಗಳ ಇಳಿಕೆ ಸುಮಾರು 37,000 ವರ್ಷಗಳ ಹಿಂದೆಯೇ ಶುರುವಾಗಿತ್ತು. ಅಮೆರಿಕದ ನೆಲದಲ್ಲಿ ಮನುಷ್ಯರು ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮುಂಚೆ. ಈಟಿಯವನು ಬಂದಾಗ ಪ್ರಾಣಿ ಆಗಲೇ ಬಡವಾಗಿತ್ತು.

ಅಲ್ಲಿಂದ ಏಳು ವರ್ಷಕ್ಕೆ, 2011ರಲ್ಲಿ, ದೊಡ್ಡ ತಂಡವೊಂದು ಆರು ಪ್ರಾಣಿಗಳನ್ನು ಒಟ್ಟಿಗೆ ತೆಗೆದುಕೊಂಡಿತು: ಉಣ್ಣೆಯ ಖಡ್ಗಮೃಗ, ಉಣ್ಣೆಯ ಮ್ಯಾಮತ್, ಕಾಡುಕುದುರೆ, ಹಿಮಸಾರಂಗ, ಬೈಸನ್, ಮಸ್ಕ್ ಆಕ್ಸ್. 846 ಡಿಎನ್‌ಎ ಸರಣಿಗಳು, ಕಾರ್ಬನ್ ವಿಧಾನದಿಂದ ಅಳೆದ ಸಾವಿರದ ನಾನೂರಕ್ಕೂ ಹೆಚ್ಚು ಮೂಳೆಗಳ ವಯಸ್ಸು. ಬಂದ ಉತ್ತರ ಆರು ಪ್ರಾಣಿಗಳಿಗೂ ಒಂದೇ ಆಗಿರಲಿಲ್ಲ. ಯುರೇಷಿಯಾದಲ್ಲಿ ಮಸ್ಕ್ ಆಕ್ಸ್ ಮತ್ತು ಖಡ್ಗಮೃಗ ಅಳಿದದ್ದಕ್ಕೆ ಹವಾಮಾನವೊಂದೇ ಸಾಕಷ್ಟು ಕಾರಣ. ಬೈಸನ್, ಕಾಡುಕುದುರೆಗಳ ವಿಷಯದಲ್ಲಿ ಹವಾಮಾನದ ಜೊತೆ ಮನುಷ್ಯನೂ ಸೇರಿದ್ದಾನೆ. ಹಿಮಸಾರಂಗಕ್ಕೆ ಯಾವುದೂ ಅಷ್ಟಾಗಿ ತಟ್ಟಲಿಲ್ಲ. ಮ್ಯಾಮತ್‌ನ ಕಾರಣ ಕೈಗೆ ಸಿಗಲೇ ಇಲ್ಲ.

ಕೊಂದವರು ಯಾರು ಎಂಬ ಒಂದೇ ಪ್ರಶ್ನೆಗೆ ಒಂದೇ ಉತ್ತರ ಬೇಕೆನ್ನುವವರಿಗೆ ಇದು ನಿರಾಸೆ. ನನಗೆ ಇದರಲ್ಲಿ ಪ್ರಾಣಿಗಳಿಗೆ ಸಲ್ಲಬೇಕಾದ ಗೌರವ ಕಾಣುತ್ತದೆ. ‘ಮೆಗಾಫಾನಾ’, ಅಂದರೆ ದೊಡ್ಡ ಪ್ರಾಣಿಗಳು, ಎಂದು ಒಟ್ಟಾಗಿ ಮೂಟೆ ಕಟ್ಟಿದ್ದೆವಲ್ಲ, ಆ ಮೂಟೆಯೊಳಗಿದ್ದ ಒಂದೊಂದು ಪ್ರಾಣಿಯ ಬಾಳೂ ಬೇರೆಯಾಗಿತ್ತು, ಸಾವೂ ಬೇರೆಯಾಗಿತ್ತು. ತಪ್ಪನ್ನೆಲ್ಲ ಮನುಷ್ಯನ ತಲೆಗೆ ಕಟ್ಟುವುದೂ, ಹವಾಮಾನದ ಹೆಸರು ಹೇಳಿ ಕೈತೊಳೆದುಕೊಳ್ಳುವುದೂ ಎರಡೂ ಈ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ಜಾತಿಯಿಂದ ಜಾತಿಗೆ, ನೆಲದಿಂದ ನೆಲಕ್ಕೆ ವಿಚಾರಣೆ ಹೊಸದಾಗಿ ನಡೆಯಬೇಕು.

ಖಡ್ಗಮೃಗದ ವಿಚಾರಣೆ ಇನ್ನೂ ನಡೆಯುತ್ತಿದೆ. 2020ರಲ್ಲಿ 18,500 ವರ್ಷ ಹಳೆಯ ಒಂದು ಉಣ್ಣೆಯ ಖಡ್ಗಮೃಗದ ಪೂರ್ಣ ಜೀನೋಮನ್ನೂ (ಅಂದರೆ ಅದರ ಇಡೀ ಡಿಎನ್‌ಎಯನ್ನು), ಇನ್ನಷ್ಟು ಪ್ರಾಣಿಗಳ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನೂ ಓದಿದಾಗ, ಮನುಷ್ಯರು ಈಶಾನ್ಯ ಸೈಬೀರಿಯಾಕ್ಕೆ ಬಂದು ಹದಿಮೂರು ಸಾವಿರ ವರ್ಷವಾದ ಮೇಲೂ ಆ ಪ್ರಾಣಿಯ ವೈವಿಧ್ಯ ಕುಗ್ಗಿರಲಿಲ್ಲ ಎಂದು ಗೊತ್ತಾಯಿತು. ಅಷ್ಟು ಕಾಲ ಅವರು ಪಕ್ಕಪಕ್ಕದಲ್ಲೇ ಬದುಕಿದ್ದರು. ಆಮೇಲೆ ಸುಮಾರು 14,700 ವರ್ಷಗಳ ಹಿಂದೆ ಭೂಮಿ ಥಟ್ಟನೆ ಬೆಚ್ಚಗಾಯಿತು, ಸ್ವಲ್ಪ ಕಾಲದಲ್ಲೇ ಖಡ್ಗಮೃಗ ಇಲ್ಲವಾಯಿತು. ಮನುಷ್ಯ ನಿರ್ದೋಷಿ ಎಂದು ಕಡತ ಮುಚ್ಚಬಹುದೆನಿಸುತ್ತದೆ. ಆದರೆ 2024ರಲ್ಲಿ ಪಳೆಯುಳಿಕೆ, ಡಿಎನ್‌ಎ, ಕಂಪ್ಯೂಟರ್ ಮಾದರಿ ಮೂರನ್ನೂ ಸೇರಿಸಿ ಮಾಡಿದ ಇನ್ನೊಂದು ಅಧ್ಯಯನ ಬೇರೆ ಮಾತು ಹೇಳಿತು. ಚಳಿಯಿಂದ ನೆಲೆಗಳು ಚೂರುಚೂರಾಗಿದ್ದವು. ಮನುಷ್ಯರು ಬಹಳವಾಗಿ ಅಲ್ಲದಿದ್ದರೂ ಬಿಡದೆ ಬೇಟೆಯಾಡುತ್ತಲೇ ಇದ್ದರು. ಅದರಿಂದಾಗಿ ಪ್ರಾಣಿಗಳು ಹೊಸ ನೆಲೆಗಳಿಗೆ ಹರಡಿಕೊಳ್ಳಲಾಗಲಿಲ್ಲ. ಸಂಖ್ಯೆಯಲ್ಲಿ ಸಣ್ಣದಾಗಿ ಕಾಣುವ ಬೇಟೆ, ದಾರಿ ಮುಚ್ಚಿಹೋದ ಪ್ರಾಣಿಗೆ ದೊಡ್ಡದೇ.

ಮ್ಯಾಮತ್‌ಗಳ ಕೊನೆಯ ಆಸರೆ ಆರ್ಕ್ಟಿಕ್ ಸಾಗರದ ರ‍್ಯಾಂಗಲ್ ದ್ವೀಪ. ಸಮುದ್ರ ಏರಿ ಅಲ್ಲಿ ಸಿಕ್ಕಿಬಿದ್ದವುಗಳಲ್ಲಿ ವಂಶ ಮುಂದುವರಿಸಿದವು ಹೆಚ್ಚೆಂದರೆ ಎಂಟು ಎಂದು 2024ರ ಜೀನೋಮ್ ಅಧ್ಯಯನ ಅಂದಾಜಿಸಿದೆ. ಅವು ಬೇಗನೆ ಇನ್ನೂರು ಮುನ್ನೂರಕ್ಕೆ ಏರಿ ಸುಮಾರು ಆರು ಸಾವಿರ ವರ್ಷ ಹಾಗೆಯೇ ಬಾಳಿದವು, ಸುಮಾರು 4,000 ವರ್ಷಗಳ ಹಿಂದೆ ಅಳಿದವು. ಒಳಸಂಬಂಧದಿಂದ ನಿಧಾನವಾಗಿ ಕ್ಷೀಣಿಸಿ ಸತ್ತವು ಎಂಬ ಊಹೆಗೆ ಜೀನೋಮ್ ಒಪ್ಪುವುದಿಲ್ಲ; ಕೊನೆ ಹಠಾತ್ತಾಗಿ ಬಂದಿದೆ. ಆ ದ್ವೀಪದಲ್ಲಿ ಮನುಷ್ಯರ ಅತ್ಯಂತ ಹಳೆಯ ಕುರುಹು ಅದಾಗಿ ಕೆಲವು ನೂರು ವರ್ಷಗಳ ನಂತರದ್ದು.

ಮನುಷ್ಯನಿಗೆ ಯಾವ ನೆಪವೂ ಉಳಿಯದ ಕಡೆಯೂ ಒಂದಿದೆ. ಅದು ನ್ಯೂಜಿಲೆಂಡ್. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೋವಾಗಳು ರೆಕ್ಕೆಯ ಕುರುಹೂ ಇಲ್ಲದ, ನೆಲದ ಮೇಲೆ ನಡೆಯುವ ಪಕ್ಷಿಗಳು. ಒಂಬತ್ತು ಜಾತಿಗಳಿದ್ದವು. ಅವುಗಳಲ್ಲಿ ಡೈನಾರ್ನಿಸ್ ಎಂಬ ಕುಲದಲ್ಲಿ ದೊಡ್ಡವು, ನಡುಗಾತ್ರದವು, ಸಣ್ಣವು ಎಂದು ಮೂರು ಜಾತಿಗಳನ್ನು ವಿಜ್ಞಾನಿಗಳು ಮೂಳೆಗಳ ಗಾತ್ರ ನೋಡಿ ಗುರುತಿಸಿದ್ದರು. 2003ರಲ್ಲಿ ಡಿಎನ್‌ಎಯಿಂದ ಹೆಣ್ಣು ಗಂಡು ಬೇರ್ಪಡಿಸಿ ನೋಡಿದರೆ ದೊಡ್ಡವೆಲ್ಲ ಹೆಣ್ಣು, ಸಣ್ಣವೆಲ್ಲ ಗಂಡು! ಹೆಣ್ಣು ಗಂಡಿಗಿಂತ ಒಂದೂವರೆ ಪಟ್ಟು ಎತ್ತರ, ಎರಡೂಮುಕ್ಕಾಲು ಪಟ್ಟಿಗೂ ಹೆಚ್ಚು ತೂಕ ಇರಬಹುದಾಗಿತ್ತು. ಆಮೇಲೆ ಮೊಟ್ಟೆಯ ಚಿಪ್ಪಿನಲ್ಲೂ ಡಿಎನ್‌ಎ ಉಳಿಯುತ್ತದೆಂದು ತಿಳಿಯಿತು. ತೆಳುವಾದ ಚಿಪ್ಪುಗಳ ಹೊರಮೈಯನ್ನು 2010ರಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಗಂಡಿನ ಡಿಎನ್‌ಎ. ಕಾವು ಕೂರುತ್ತಿದ್ದದ್ದು ಹಗುರವಾದ ಗಂಡೇ ಇರಬೇಕು. ಅಳಿದುಹೋಗಿ ಶತಮಾನಗಳಾದ ಹಕ್ಕಿಯ ಗೂಡಿನಲ್ಲಿ ಯಾರು ಕೂತಿದ್ದರು ಎಂಬುದೂ ನಮಗೆ ತಿಳಿಯುವಂತಾಯಿತು.

ಪಾಲಿನೇಷ್ಯಾದ ನಾವಿಕರು, ಇಂದಿನ ಮಾವೊರಿ ಜನರ ಹಿರೀಕರು, ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ಬಂದರು. ಇನ್ನೂರು ವರ್ಷದೊಳಗೆ ಒಂಬತ್ತೂ ಜಾತಿಗಳು ಇಲ್ಲವಾದವು. ಮನುಷ್ಯರು ಬರುವ ಮುಂಚೆಯೇ ಅವು ಕ್ಷೀಣಿಸುತ್ತಿದ್ದವೇನೋ, ಜ್ವಾಲಾಮುಖಿಯೋ ರೋಗವೋ ಕಾರಣವಾಗಿತ್ತೇನೋ ಎಂಬ ಅನುಮಾನ ಬಹಳ ಕಾಲ ಇತ್ತು. 2014ರಲ್ಲಿ ಮಾರ್ಟನ್ ಅಲೆಂಟಾಫ್ಟ್, ಮೈಕೆಲ್ ಬನ್ಸ್ ಮೊದಲಾದವರು ದಕ್ಷಿಣ ದ್ವೀಪದ ನಾಲ್ಕು ಜಾತಿಗಳ 281 ಮೋವಾಗಳ ಡಿಎನ್‌ಎ ನೋಡಿದರು. ಮನುಷ್ಯರು ಬರುವವರೆಗಿನ ಸಾವಿರಾರು ವರ್ಷಗಳಲ್ಲಿ ಇಳಿಕೆಯ ಯಾವ ಚಿಹ್ನೆಯೂ ಇರಲಿಲ್ಲ. ಸಂಖ್ಯೆ ಸ್ಥಿರವಾಗಿತ್ತು. ಅವು ಆರೋಗ್ಯವಾಗಿ ಮೇಯುತ್ತಾ, ಮೊಟ್ಟೆಯಿಡುತ್ತಾ ಇದ್ದಾಗಲೇ ಒಂದು ದಿನ ದೋಣಿಗಳು ದಡಕ್ಕೆ ಬಂದವು. ಅದೇ ವರ್ಷ ಪ್ರಕಟವಾದ ಇನ್ನೊಂದು ಲೆಕ್ಕಾಚಾರದ ಪ್ರಕಾರ, ಮೋವಾಗಳು ಮುಗಿಯುವ ಹೊತ್ತಿಗೆ ಅಲ್ಲಿದ್ದ ಜನರ ಸಂಖ್ಯೆ 2,500ಕ್ಕಿಂತ ಕಡಿಮೆ. ಇಷ್ಟು ಕಡಿಮೆ ಜನ! ಅವರಲ್ಲಿ ಕ್ರೌರ್ಯವಿತ್ತು ಎಂದು ಹೇಳಲು ನನಗೆ ಯಾವ ಆಧಾರವೂ ಇಲ್ಲ. ಹಸಿದವರು, ಹೊಸ ನೆಲಕ್ಕೆ ಬಂದವರು. ಮನುಷ್ಯನನ್ನೇ ಕಂಡರಿಯದ ಹಕ್ಕಿ, ತಡವಾಗಿ ಬೆಳೆದು ಕಡಿಮೆ ಮೊಟ್ಟೆಯಿಡುವ ಹಕ್ಕಿ. ದೊಡ್ಡದನ್ನೂ ಮರಿಯನ್ನೂ ಮೊಟ್ಟೆಯನ್ನೂ ತಿನ್ನುತ್ತಾ ಹೋದರೆ ಲೆಕ್ಕ ಮುಗಿಯಲು ಹಲವು ತಲೆಮಾರು ಬೇಕಿಲ್ಲ. ಏನೋ ಒಂದು ಮತ್ತೆ ಬಾರದಂತೆ ಕಳೆದುಹೋದರೆ ‘ಮೋವಾ ಕಳೆದಂತೆ ಕಳೆಯಿತು’ ಎನ್ನುವ ಗಾದೆ ಮಾವೊರಿಗಳಲ್ಲಿದೆ. ಆ ನಷ್ಟವನ್ನು ಅವರು ಮರೆಯಲಿಲ್ಲ.

ನ್ಯೂಜಿಲೆಂಡಿನ ಉಗ್ರಾಣಗಳಲ್ಲಿದ್ದ ‘ಗುರುತಿಸಲಾಗದ’ ಚೂರುಗಳ ಸರದಿ 2018ರಲ್ಲಿ ಬಂತು. ಸುಮಾರು ಐದು ಸಾವಿರ ಚೂರುಗಳನ್ನು, 38 ಕಡೆಗಳವು, ಗುಂಪು ಗುಂಪಾಗಿ ಪುಡಿ ಮಾಡಿ ಒಟ್ಟಿಗೆ ಡಿಎನ್‌ಎ ಓದಿದರು. ಒಂದೊಂದನ್ನೇ ಪರೀಕ್ಷಿಸುವುದಕ್ಕೆ ಹಣವೂ ಸಾಲದು, ಕಾಲವೂ ಸಾಲದು; ಒಟ್ಟಿಗೆ ಓದಿದರೆ ಆ ತಿಪ್ಪೆಯಲ್ಲಿ ಯಾರ‍್ಯಾರಿದ್ದರು ಎಂಬ ಪಟ್ಟಿ ಸಿಗುತ್ತದೆ. 110 ಜಾತಿಗಳು ಸಿಕ್ಕವು: ಹಕ್ಕಿ, ಮೀನು, ಸೀಲ್, ತಿಮಿಂಗಿಲ. ಇಂದು ಬೆರಳೆಣಿಕೆಯ ನೂರುಗಳಲ್ಲಿ ಉಳಿದಿರುವ ಹಾರಲಾರದ ಗಿಳಿ ಕಾಕಾಪೊ, ಮನುಷ್ಯರು ಬಂದ ಮೇಲೆ ಎಷ್ಟೋ ವಂಶಗಳನ್ನು ಕಳೆದುಕೊಂಡಿದೆ ಎಂದೂ ಅದರಿಂದ ಕಂಡಿತು. ಇದಕ್ಕೂ ಮುಂಚೆ, 2009ರಲ್ಲಿ, ನನ್ನನ್ನು ಅತ್ಯಂತ ತಟ್ಟಿದ ಸಂಗತಿಯೊಂದು ಹೊರಬಂದಿತ್ತು. ಹಳದಿಗಣ್ಣಿನ ಪೆಂಗ್ವಿನ್ ಅಲ್ಲಿಯ ಅಪರೂಪದ ಹಕ್ಕಿ; ಹಿಂದೆ ಬಹಳವಿತ್ತು, ಈಗ ಕಡಿಮೆಯಾಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಹಳೆಯ ಪೆಂಗ್ವಿನ್ ಮೂಳೆಗಳ ಡಿಎನ್‌ಎ ನೋಡಿದರೆ ಅವು ಬೇರೆಯೇ ಜಾತಿಯವು. ವೈತಾಹಾ ಪೆಂಗ್ವಿನ್ ಎಂದು ಅದಕ್ಕೆ ಹೆಸರಿಟ್ಟರು. ಮೊದಲು ಬಂದ ಜನ ಅದನ್ನು ಬೇಟೆಯಾಡಿ ಮುಗಿಸಿದ್ದರು. ಖಾಲಿಯಾದ ದಡಕ್ಕೆ ದಕ್ಷಿಣದ ದ್ವೀಪಗಳಿಂದ ಹಳದಿಗಣ್ಣಿನದು ಆಮೇಲೆ ಬಂದು ನೆಲೆಸಿತ್ತು. ಒಂದು ಇಡೀ ಜಾತಿ ಇತ್ತು, ಹೋಯಿತು, ಅದರ ಜಾಗದಲ್ಲಿ ಇನ್ನೊಂದು ಬಂದು ನಿಂತಿತು. ಇದಿಷ್ಟೂ ನಡೆದದ್ದು ಯಾರಿಗೂ ಗೊತ್ತೇ ಇರಲಿಲ್ಲ.

ತಿಪ್ಪೆಯ ಮಾತು ಬಂತು. ಗ್ರೀನ್‌ಲ್ಯಾಂಡಿನಲ್ಲಿ ಸುಮಾರು 4,000 ವರ್ಷಗಳ ಹಿಂದೆ ಸಕಾಕ್ ಸಂಸ್ಕೃತಿಯ ಜನರಿದ್ದರು. ಅವರ ತಿಪ್ಪೆಗಳಲ್ಲಿ ಸೀಲ್ ಮೂಳೆಗಳು, ಹಕ್ಕಿಯ ಮೂಳೆಗಳು ಧಾರಾಳ. ದೊಡ್ಡ ತಿಮಿಂಗಿಲದ್ದು ಹೆಚ್ಚೇನೂ ಇಲ್ಲ. ಆದ್ದರಿಂದ ಇವರು ಸೀಲ್ ಬೇಟೆಗಾರರು, ತಿಮಿಂಗಿಲದ ತಂಟೆಗೆ ಹೋಗುತ್ತಿರಲಿಲ್ಲ ಎಂದೇ ಭಾವಿಸಲಾಗಿತ್ತು. 2016ರಲ್ಲಿ ಮೂಳೆ ಬಿಟ್ಟು ತಿಪ್ಪೆಯ ಮಣ್ಣಿನಿಂದಲೇ ಡಿಎನ್‌ಎ ತೆಗೆದರು. ಸಕಾಕ್ ಕಾಲದ ಪದರದಲ್ಲಿ ಸಿಕ್ಕ ಸಸ್ತನಿಗಳ ಡಿಎನ್‌ಎಯಲ್ಲಿ ಸುಮಾರು ಅರ್ಧದಷ್ಟು ಬೋಹೆಡ್ ತಿಮಿಂಗಿಲದ್ದು! ಯೋಚಿಸಿ ನೋಡಿದರೆ ಇದು ಸಹಜವೇ. ಹತ್ತಾರು ಟನ್ ತೂಗುವ ಪ್ರಾಣಿಯ ಮೂಳೆಯನ್ನು ಮನೆಗೆ ಯಾರು ಹೊರುತ್ತಾರೆ? ದಡದಲ್ಲೇ ಕೊಯ್ದು ಮಾಂಸ, ಚರ್ಮ, ಕೊಬ್ಬು ತಂದಿರುತ್ತಾರೆ. ಮೂಳೆ ಅಲ್ಲೇ ಬಿದ್ದು ಅಲೆಗೆ ಹೋಯಿತು. ಕೊಬ್ಬಿನ ಅಂಶ ಮಣ್ಣಿಗಿಳಿದು ಉಳಿಯಿತು. ಅವರು ಈ ತಿಮಿಂಗಿಲವನ್ನು ಬೇಟೆಯಾಡಿದರೋ, ದಡಕ್ಕೆ ಬಂದು ಸತ್ತದ್ದನ್ನು ಕೊಯ್ದರೋ ಎಂಬುದನ್ನು ಡಿಎನ್‌ಎ ಹೇಳಲಾರದು. ಯಾವ ಪ್ರಾಣಿ, ಎಷ್ಟು ವಂಶ, ಹೆಣ್ಣೋ ಗಂಡೋ ಎನ್ನುವವರೆಗೆ ಅದರ ಮಾತು. ಈಟಿ ಹೇಗೆ ತಗುಲಿತು ಎನ್ನುವುದಕ್ಕೆ ಮತ್ತೆ ಕಲ್ಲು, ಮೂಳೆ, ಕೊಯ್ದ ಗುರುತುಗಳ ಕಡೆಗೇ ಹೋಗಬೇಕು. ಈ ಎಲ್ಲೆ ಮರೆತು ಬರೆಯುವ ಸುದ್ದಿಗಳನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ.

ಸಿಕ್ಕಿದ ಮೂಳೆಗಳು ಬದುಕಿದ್ದ ಹಿಂಡಿನ ನೇರ ಪ್ರತಿನಿಧಿಗಳೂ ಅಲ್ಲ. ಸೈಬೀರಿಯಾದ 98 ಮ್ಯಾಮತ್ ಮಾದರಿಗಳನ್ನು 2017ರಲ್ಲಿ ಪರೀಕ್ಷಿಸಿದಾಗ 69 ಶೇಕಡಾ ಗಂಡು ಎಂದು ಬಂತು. ಇದಕ್ಕೆ ಬೇಟೆಯನ್ನು ಎಳೆದು ತರಬೇಕಿಲ್ಲ. ಈಗಿನ ಆನೆಗಳಂತೆ ಹಿಂಡು ಬಿಟ್ಟು ಒಂಟಿಯಾಗಿ ಅಲೆಯುವ ಗಂಡುಗಳು ಕೆಸರಿನಲ್ಲಿ, ಹಳ್ಳದಲ್ಲಿ, ಮಂಜಿನ ಬಿರುಕಿನಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದು ಸತ್ತು, ಹಾಗಾಗಿಯೇ ಚೆನ್ನಾಗಿ ಉಳಿದಿವೆ ಎಂಬುದು ಸಂಶೋಧಕರ ವಿವರಣೆ.

ತಿಂದವರ ಹೊಟ್ಟೆಯೂ ಸಾಕ್ಷಿ ಹೇಳುತ್ತದೆ. ಆಲ್ಪ್ಸ್ ಪರ್ವತದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಳೆಯ ಹಿಮಮಾನವ ಓಟ್ಸಿಯ ಕರುಳಿನಲ್ಲಿ ಕೆಂಪು ಜಿಂಕೆ ಮತ್ತು ಐಬೆಕ್ಸ್ ಎಂಬ ಪರ್ವತದ ಕಾಡುಮೇಕೆಯ ಡಿಎನ್‌ಎ ಇತ್ತು. ಬೇಟೆಯ ಮಾಂಸ ತಿಂದು ಹೊರಟ ಅವನೂ ಬೆನ್ನಿಗೆ ಬಾಣ ಬಿದ್ದೇ ಸತ್ತವನು. ಟೆಕ್ಸಸ್‌ನ ಹೈಂಡ್ಸ್ ಗುಹೆಯಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಒಣಗಿದ ಮಲದಲ್ಲಿ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿ, ಕಾಡುಕುರಿ, ಮೊಲ ಇವುಗಳ ಡಿಎನ್‌ಎ ಸಿಕ್ಕಿದೆ. ಡೆನ್ಮಾರ್ಕಿನ ಲೋಲನ್ ದ್ವೀಪದಲ್ಲಿ 5,700 ವರ್ಷಗಳ ಹಿಂದೆ ಒಬ್ಬಾಕೆ ಬರ್ಚ್ ಮರದ ಅಂಟನ್ನು ಅಗಿದು ಉಗುಳಿದ್ದಳು. ಆ ಉಂಡೆಯಲ್ಲಿ ಅವಳ ಪೂರ್ಣ ಜೀನೋಮ್ ಉಳಿದಿತ್ತು, ಜೊತೆಗೆ ಕಾಡುಬಾತುಕೋಳಿಯದೂ ಹೇಜಲ್ ಕಾಯಿಯದೂ. ಅವಳು ಅಂದು ತಿಂದದ್ದು.

ಗುಹೆಯ ಚಿತ್ರಗಳ ವಿಷಯದಲ್ಲೂ ಪ್ರಾಣಿಯ ಸಾಕ್ಷ್ಯ ಬಂದಿದೆ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷ ಹಳೆಯ ಚುಕ್ಕೆಯ ಕುದುರೆಗಳಿವೆ. ಆ ಚುಕ್ಕೆಗಳು ಮಂತ್ರವೋ ಸಂಕೇತವೋ ಎಂದು ಬಹಳ ಚರ್ಚೆಯಾಗಿತ್ತು. ಮನುಷ್ಯ ಪಳಗಿಸುವುದಕ್ಕೆ ಮುಂಚಿನ 31 ಕಾಡುಕುದುರೆಗಳ ಬಣ್ಣದ ವಂಶವಾಹಿಗಳನ್ನು 2011ರಲ್ಲಿ ನೋಡಿದಾಗ ಅವುಗಳಲ್ಲಿ ಕೆಲವಕ್ಕೆ ನಿಜವಾಗಿಯೂ ಚಿರತೆಯಂಥ ಚುಕ್ಕೆ ತರುವ ವಂಶವಾಹಿ ಇತ್ತು. ಚಿತ್ರಕಾರನ ಮನಸ್ಸಿನಲ್ಲಿ ಇನ್ನೇನಿತ್ತೋ, ಅಂಥ ಕುದುರೆಯಂತೂ ಅವನ ಕಾಲದಲ್ಲಿ ಹುಲ್ಲು ಮೇಯುತ್ತಿತ್ತು. ಬೇಟೆಗಾರ ಪ್ರಾಣಿಯನ್ನು ಮಾಂಸವೆಂದಷ್ಟೇ ನೋಡಲಿಲ್ಲ. ಅದರ ಮೈಯ ಚುಕ್ಕೆಯನ್ನೂ ಗಮನಿಸಿದ್ದ.

ಅವನು ಮಿತಿಯನ್ನೂ ಬಲ್ಲವನಾಗಿದ್ದ ಎಂಬುದಕ್ಕೆ ಕೆನಡಾದ ಪಶ್ಚಿಮ ಕರಾವಳಿಯ ಸಾಲ್ಮನ್ ಮೀನಿನ ಮೂಳೆಗಳಿವೆ. ಈಗಿನ ವ್ಯಾಂಕೂವರ್ ಬಳಿಯ ಬುರಾರ್ಡ್ ಖಾರಿಯಲ್ಲಿ ತ್ಸ್ಲೈಲ್-ವಾಟುತ್ ಜನರ ಪೂರ್ವಿಕರು ಯುರೋಪಿಯನ್ನರು ಬರುವುದಕ್ಕೆ ಶತಮಾನಗಳ ಮುಂಚೆ ತಿಂದು ಬಿಟ್ಟ ಚಮ್ ಸಾಲ್ಮನ್ ಮೂಳೆಗಳಲ್ಲಿ ಹೆಣ್ಣು ಗಂಡು ಯಾವುದೆಂದು ಡಿಎನ್‌ಎಯಿಂದ ನೋಡಿದರು. 2021ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕೆಲವು ನೆಲೆಗಳಲ್ಲಿ ಗಂಡು ಮೀನುಗಳೇ ಗಣನೀಯವಾಗಿ ಹೆಚ್ಚು. ಒಂದು ಗಂಡು ಹಲವು ಹೆಣ್ಣುಗಳ ಮೊಟ್ಟೆಗೆ ಸಾಕು. ಗಂಡನ್ನು ಹಿಡಿದು ಹೆಣ್ಣನ್ನು ನದಿಗೆ ಬಿಟ್ಟರೆ ಮುಂದಿನ ವರ್ಷವೂ ಮೀನು ಬರುತ್ತದೆ. ಅಲ್ಲಿಯ ಜನರ ಬಾಯಿಮಾತಿನ ಪರಂಪರೆಯಲ್ಲಿ ಈ ತಿಳಿವಳಿಕೆ ಮೊದಲೇ ಇತ್ತು, ಅಧ್ಯಯನದಲ್ಲಿ ಆ ಸಮುದಾಯದವರೂ ಪಾಲುದಾರರು. ಮೋವಾ ಮುಗಿಸಿದವರೂ ಮನುಷ್ಯರೇ, ಹೆಣ್ಣು ಮೀನನ್ನು ಬಿಟ್ಟುಕೊಟ್ಟವರೂ ಮನುಷ್ಯರೇ. ಒಂದೇ ನೀರಿನ ಬಳಿ ತಲೆಮಾರುಗಳ ಕಾಲ ಬಾಳಿದವರಿಗೂ, ಹೊಸ ದ್ವೀಪಕ್ಕೆ ಕಾಲಿಟ್ಟವರಿಗೂ ಇರುವ ವ್ಯತ್ಯಾಸ ಇಲ್ಲಿ ಕೆಲಸ ಮಾಡಿರಬೇಕು ಎಂಬುದು ನನ್ನ ಅನಿಸಿಕೆ.

ಇಷ್ಟೆಲ್ಲ ತಿಳಿಯಲು ತೆತ್ತ ಬೆಲೆಯನ್ನೂ ಹೇಳಬೇಕು. ಮೂಳೆಯಿಂದ ಡಿಎನ್‌ಎ ತೆಗೆಯುವುದೆಂದರೆ ಸಾಮಾನ್ಯವಾಗಿ ಅದನ್ನು ಕೊರೆದು ಪುಡಿ ಮಾಡಿ ಕರಗಿಸುವುದು. ಒಳಗಿವಿಯನ್ನು ಸುತ್ತುವರಿದ ಗಟ್ಟಿ ಮೂಳೆಯಲ್ಲಿ ಡಿಎನ್‌ಎ ಚೆನ್ನಾಗಿ ಉಳಿಯುತ್ತದೆಂದು ತಿಳಿದ ಮೇಲೆ ಅದಕ್ಕೇ ಎಲ್ಲರೂ ಕೈಹಾಕಿದ್ದಾರೆ. ಚೂರುಗಳನ್ನು ಗುಂಪಾಗಿ ಪುಡಿ ಮಾಡಿದರೆ ಪಟ್ಟಿ ಸಿಗುತ್ತದೆ, ಚೂರು ಉಳಿಯುವುದಿಲ್ಲ. ಅದರ ಮೇಲಿದ್ದ ಕತ್ತಿಯ ಗೀರನ್ನು ನಾಳೆ ಬೇರೊಬ್ಬರು ನೋಡಬೇಕೆಂದರೆ ಅದು ಇಲ್ಲ.

ಹಾಗಾಗಿಯೇ 2023ರಲ್ಲಿ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಎಲೆನಾ ಎಸೆಲ್, ಮಥಿಯಾಸ್ ಮೆಯರ್ ಮೊದಲಾದವರು ಪ್ರಕಟಿಸಿದ ವಿಧಾನ ನನಗೆ ಈ ಕ್ಷೇತ್ರದ ಅತ್ಯಂತ ಮುಖ್ಯ ಹೆಜ್ಜೆಗಳಲ್ಲಿ ಒಂದೆನಿಸುತ್ತದೆ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ವಾಪಿಟಿ ಎಂಬ ದೊಡ್ಡ ಜಿಂಕೆಯ ಹಲ್ಲಿಗೆ ತೂತು ಕೊರೆದು ಮಾಡಿದ ಪದಕವೊಂದು ಸಿಕ್ಕಿತ್ತು. ಅದನ್ನು ಕೊರೆಯದೆ, ಒಡೆಯದೆ, ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿ, ಹಂತ ಹಂತವಾಗಿ 90 ಡಿಗ್ರಿಯವರೆಗೆ ಬಿಸಿ ಮಾಡಿದರು. ಹಲ್ಲಿನ ಸೂಕ್ಷ್ಮ ರಂಧ್ರಗಳಿಂದ ಡಿಎನ್‌ಎ ಮೆಲ್ಲಗೆ ಹೊರಬಂತು. ಜಿಂಕೆಯದು ಬಂತು, ಮನುಷ್ಯರದೂ ಬಂತು. ಪದಕವನ್ನು ಮಾಡಿದವಳೋ ತೊಟ್ಟವಳೋ ಒಬ್ಬ ಹೆಂಗಸು. ಅವಳ ಬೆವರು, ಚರ್ಮದ ಕಣ ಹಲ್ಲಿನೊಳಗೆ ಇಳಿದಿದ್ದವು. ವಯಸ್ಸು 19,000ದಿಂದ 25,000 ವರ್ಷಗಳ ನಡುವೆ ಎಂಬ ಅಂದಾಜೂ ಇಬ್ಬರ ಡಿಎನ್‌ಎಯಿಂದಲೇ ಬಂತು. ಬೇಟೆಯಾದ ಪ್ರಾಣಿಯದೂ ಅದನ್ನು ಕೊರಳಿಗೆ ಕಟ್ಟಿಕೊಂಡವಳದೂ ಕಥೆ ಒಂದೇ ಹಲ್ಲಿನಲ್ಲಿ ಸಿಕ್ಕಿತು, ಹಲ್ಲು ಹಾಗೆಯೇ ಉಳಿಯಿತು.

ಈ ವಿಧಾನ ಎಲ್ಲ ಮೂಳೆಗೂ ಹೊಂದುವುದಿಲ್ಲ. ಬರಿಗೈಯಲ್ಲಿ ಮುಟ್ಟಿ, ತೊಳೆದು ಇಟ್ಟ ಹಳೆಯ ಸಂಗ್ರಹಗಳಲ್ಲಿ ಈಗಿನವರ ಡಿಎನ್‌ಎ ತುಂಬಿಕೊಂಡಿರುತ್ತದೆ. ಉತ್ಖನನದ ಹೊತ್ತಿಗೇ ಕೈಗವಸು ಹಾಕಿ ಮಣ್ಣುಸಮೇತ ತೆಗೆದಿಟ್ಟಿದ್ದರೆ ಮಾತ್ರ ಫಲ. ಹಾಗಾಗಿ ಅಗೆಯುವವರ ಅಭ್ಯಾಸ ಮೊದಲು ಬದಲಾಗಬೇಕು. ಪುಡಿ ಮಾಡಲೇಬೇಕಾದ ಕಡೆ, ಮುಂಚಿತವಾಗಿ ಸ್ಕ್ಯಾನ್ ಮಾಡಿ, ಅಳತೆ ಬರೆದಿಟ್ಟು, ಒಂದು ಪಾಲನ್ನು ಮುಟ್ಟದೆ ಉಳಿಸಬೇಕು. ನಲವತ್ತು ವರ್ಷದ ಹಿಂದೆ 229 ಅಕ್ಷರ ಓದಿದ್ದೇ ಸಾಹಸವಾಗಿತ್ತು, ಈಗ ಪೂರ್ಣ ಜೀನೋಮ್ ಓದುತ್ತಾರೆ. ಇನ್ನು ನಲವತ್ತು ವರ್ಷಕ್ಕೆ ಬರುವವರಿಗೆ ಕೇಳಲು ನಮಗೆ ಹೊಳೆಯದ ಪ್ರಶ್ನೆಗಳಿರುತ್ತವೆ, ಅವರಿಗೂ ಮೂಳೆ ಬೇಕು.